ಶಾಂತಕ್ಕನ ಪ್ರಶ್ನೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕೌಂಟಿ, ಅಂದರೆ ಜಿಲ್ಲಾಡಳಿತದ, ಸಭೆಗಳಲ್ಲಿ ಕನ್ನಡ ದುಭಾಷಿಗೆ ಕೆಲಸ ಸಿಗುವುದೇ ಅಪರೂಪ. ಆ ಸಲ ನನ್ನನ್ನು ಕರೆಸಿದ್ದು ಮಗಳ ಮನೆಯಲ್ಲಿರುವ ಧಾರವಾಡದ ಶಾಂತಕ್ಕ. ಅವರ ಪಕ್ಕದ ಅಪಾರ್ಟ್‌ಮೆಂಟಿನ ಅಮೆರಿಕನ್ ಅಜ್ಜಿಯನ್ನು ನೋಡಿಕೊಳ್ಳಲು ಬರುತ್ತಿದ್ದವಳು ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದಳು. ಶಾಂತಕ್ಕ ಕೌಂಟಿಯ ವೃದ್ಧರ ರಕ್ಷಣಾ ವಿಭಾಗಕ್ಕೆ ಪದೇಪದೇ ದೂರು ಕೊಟ್ಟರೂ ಪ್ರಯೋಜನವಾಗಲಿಲ್ಲ. ಕೊನೆಗೆ ಅಜ್ಜಿ ಒಳಗೇ ಬಿದ್ದು ಸೊಂಟ ಮುರಿದುಕೊಂಡರು.

ಸಭೆಯಲ್ಲಿ ವಿಭಾಗದ ಮುಖ್ಯಸ್ಥೆ, "ನಿಯಮದ ಪ್ರಕಾರವೇ ನಡೆದುಕೊಂಡಿದ್ದೇವೆ" ಎಂದರು.

ಶಾಂತಕ್ಕ ಮೈಕಿಗೆ ಬಾಗಿದರು. "ಅದನ್ನ ಕೇಳಿಲ್ರಿ. ಒಬ್ಬರರ ಬಂದು ಬಾಗಿಲಾ ಬಡದಾರೇನು?"

ನಾನು ಅನುವಾದಿಸಿದೆ. ಮುಖ್ಯಸ್ಥೆ ಸಿಬ್ಬಂದಿ ಕೊರತೆಯ ಮಾತೆತ್ತಿದರು. ಶಾಂತಕ್ಕ ದನಿ ಏರಿಸದೆ ಮತ್ತೆ ಅದನ್ನೇ ಕೇಳಿದರು.

"ಇಲ್ಲ, ಯಾರೂ ಹೋಗಲಿಲ್ಲ. ತಪ್ಪು ನಮ್ಮದೇ" ಎಂದರು ಮುಖ್ಯಸ್ಥೆ.

ಮನೆಗೆ ಹೋಗಿ ನೋಡದೆ ಮುಚ್ಚಿದ ದೂರುಗಳನ್ನೆಲ್ಲ ಮತ್ತೆ ತೆರೆಯುವಂತೆ ಅಲ್ಲೇ ಸೂಚನೆ ಹೋಯಿತು. ಅಜ್ಜಿ ಈಗ ಹತ್ತಿರದ ಪ್ಲೆಸೆಂಟನ್ ಊರಿನಲ್ಲಿ ತಂಗಿಯ ಜೊತೆ ನೆಮ್ಮದಿಯಾಗಿದ್ದಾರೆ.

ಅವತ್ತು ಸಭೆ ಮುಗಿಸಿ ಹೊರಗೆ ಬಂದಾಗ ಶಾಂತಕ್ಕ, "ನೀ ಇಂಗ್ಲಿಷಿನ್ಯಾಗ ಭಾಳ ಮೆತ್ತಗ ಹೇಳಿದಿ ನೋಡಪಾ" ಎಂದರು.

"ನಿಮಗೆ ಇಂಗ್ಲಿಷ್ ಬರುತ್ತಾ? ಮತ್ತೆ ನಾನ್ಯಾಕೆ ಬೇಕಿತ್ತು?"

"ದುಭಾಷಿ ಇದ್ರ ಮಾತಾಡಾಕ ಎರಡು ಪಟ್ಟು ಟೈಮ್ ಕೊಡ್ತಾರ, ತಮ್ಮಾ."

ಇಷ್ಟು ವರ್ಷದ ಕಸುಬಿನಲ್ಲಿ ನನ್ನ ನಿಜವಾದ ಉಪಯೋಗ ಗೊತ್ತಾದದ್ದು ಅವತ್ತೇ.