ಏರಿದ ಕಲ್ಲು, ಮುಳುಗದ ಕೇರಿ

ಕರಾವಳಿಯ ನೆಲ ಇಟ್ಟ ಜಾಗದಲ್ಲಿ ಇರುವಂಥದ್ದಲ್ಲ, ಅದು ಏಳುತ್ತದೆ, ಬಾಗುತ್ತದೆ, ಮುರಿಯುತ್ತದೆ ಎಂಬುದನ್ನು ಪುಸ್ತಕ ಓದಿ ತಿಳಿದವರು ನಮ್ಮ ಇಲಾಖೆಯಲ್ಲಿ ಹಲವರಿದ್ದಾರೆ. ಒಂದೇ ದಡವನ್ನು ಮೂವತ್ತು ವರ್ಷಕ್ಕೂ ಮೀರಿ ನಡೆದು, ಅಳೆದು, ಅಳೆದದ್ದಕ್ಕಾಗಿ ಬೈಸಿಕೊಂಡು ತಿಳಿದವರು ಒಬ್ಬರೇ. ಈ ತಿಂಗಳು ಕರಾವಳಿ ಸರ್ವೆ ಇಲಾಖೆಯಿಂದ ನಿವೃತ್ತರಾಗುತ್ತಿರುವ ಆ ಹಿರಿಯ ಭೂವಿಜ್ಞಾನಿಯವರನ್ನು ದೊಡ್ಡ ಸಾಹೇಬರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ‘ಚಿಪ್ಪಿನ ಮೇಡಂ’ ಎಂದೇ ಕರೆಯುತ್ತಾರೆ. ಮೊದಮೊದಲು ಅದು ಬೆನ್ನ ಹಿಂದಿನ ತಮಾಷೆಯಾಗಿತ್ತು. ಈಗ ಅಭಿನಂದನ ಗ್ರಂಥದ ರಕ್ಷಾಪುಟದ ಮೇಲೂ ಅದೇ ಅಚ್ಚಾಗಿದೆ. ಅವರ ಕುರಿತು ಬರೆಯಲು ದೊಡ್ಡ ಪದವಿಯವರು, ಒಳ್ಳೆಯ ಭಾಷೆಯವರು ಬೇಕಾದಷ್ಟು ಮಂದಿ ಇದ್ದರು. ನಕ್ಷೆ ವಿಭಾಗದ, ಸಂಜೆ ಕಾಲೇಜಿನಲ್ಲಿ ಅಷ್ಟಿಷ್ಟು ಓದಿಕೊಂಡ ಈ ಲೇಖಕನ ಪಾಲಿಗೆ ಇದು ಬಂದದ್ದು ಅವರ ಹಟದಿಂದ. ಬರಹದಲ್ಲಿ ತಪ್ಪಿದ್ದರೆ ಅದು ಬರೆದವನದು, ಅವರದಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಬಂದರಿನ ಹಿಂದಿನ ಗುಡ್ಡವನ್ನು ಒಬ್ಬರೇ ಹತ್ತಿ, ಇಳಿಯುವಾಗ ಕೈಚೀಲದ ತುಂಬ ಚಿಪ್ಪು ತಂದಿದ್ದರಂತೆ. ಮೇಲೆ ಯಾರೋ ಊಟ ಕಟ್ಟಿಕೊಂಡು ಹೋಗಿ ಮಜಾ ಮಾಡಿದ್ದಾರೆ ಎಂದು ಆಗಿನ ಅಧಿಕಾರಿಗಳು ನಕ್ಕರು. ಮೇಡಂ ನಗಲಿಲ್ಲ. ಆ ಗುಡ್ಡ ಒಂದೇ ಏರಾಗಿ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಪ್ರತಿ ಮೆಟ್ಟಿಲೂ ಒಂದು ಕಾಲದಲ್ಲಿ ಅಲೆ ಕೊರೆದು ಸಮ ಮಾಡಿದ ಸಮುದ್ರದಂಚು. ಕೆಳಗಿನದು ಇತ್ತೀಚಿನದು, ಮೇಲಿನದು ಹಳೆಯದು. ಸಮುದ್ರ ಅಷ್ಟೆತ್ತರಕ್ಕೆ ಹೋಗಿ ಬಂದದ್ದಲ್ಲ, ನೆಲವೇ ಚಿಪ್ಪುಗಳನ್ನು ಹೊತ್ತುಕೊಂಡು ಮೇಲೆದ್ದದ್ದು. ಇಷ್ಟನ್ನು ಅವರು ಬರೆದುಕೊಟ್ಟಾಗ ಇಲಾಖೆ ಅದನ್ನು ಆಸಕ್ತಿಕರವೆಂದು ಮೆಚ್ಚಿತು. ಗುಡ್ಡದ ಮೇಲೆ ಯಾರ ಕಟ್ಟಡವೂ ಇರಲಿಲ್ಲ.

ಕಷ್ಟದ ವಿಷಯವನ್ನು ಸುಲಭ ಮಾಡುವುದು ಅವರಿಗೆ ಹುಟ್ಟಿನಿಂದ ಬಂದಂತಿತ್ತು. ಒಮ್ಮೆ ಜೀಪಿನ ಚಾಲಕ, ಮಣ್ಣು ತಾನಾಗಿ ಮೇಲೇಳುವುದೆಂದರೆ ಹೇಗೆ ಎಂದು ಕೇಳಿದ್ದಕ್ಕೆ, ಅವರು ಕಚೇರಿಯ ಬಾಗಿಲಲ್ಲಿದ್ದ ಕಾಲೊರೆಸುವ ಚಾಪೆಯನ್ನು ಪಾದದಿಂದ ಗೋಡೆಯತ್ತ ತಳ್ಳಿದರು. ಚಾಪೆ ನಡುವೆ ಉಬ್ಬಿ ಡೊಂಕಾಗಿ ನಿಂತಿತು. ಆಳದಲ್ಲಿ ಬಂಡೆಯ ಪದರುಗಳೂ ಒತ್ತಡಕ್ಕೆ ಹೀಗೇ ಉಬ್ಬುತ್ತವೆ, ಅದು ಮಡಿಕೆ. ಉಬ್ಬಲು ಆಗದೆ ಹೋದಲ್ಲಿ ಹರಿದು ಒಂದು ಪಕ್ಕ ಇನ್ನೊಂದರ ಮೇಲೆ ಏರಿ ಕೂರುತ್ತದೆ, ಅದು ಸ್ತರಭಂಗ ಎಂದರು. ನಮ್ಮ ಬಂದರು ಆ ಉಬ್ಬಿನ ನೆತ್ತಿಯ ಮೇಲೆ ಕುಳಿತಿದೆ. ಗುಡ್ಡದ ಆಚೆಗೆ, ಹರಿದ ಗೆರೆಯ ಕೆಳಪಕ್ಕದ ದಡದಲ್ಲಿ ತಗ್ಗಿನ ಕೇರಿ ಇತ್ತು. ಹೊಳೆಯೂ ಇದಕ್ಕೆ ಸಾಕ್ಷಿ: ಹಿಂದೆ ನೇರ ಸಮುದ್ರಕ್ಕೆ ಹೋಗುತ್ತಿದ್ದದ್ದು, ಎದುರಿನ ನೆಲ ತಾನು ಕೊರೆಯುವುದಕ್ಕಿಂತ ಬೇಗ ಏಳುತ್ತಿರುವುದನ್ನು ತಡೆಯಲಾರದೆ ಬಳಸಿಕೊಂಡು ಹೋಯಿತು, ಹಳೆಯ ಪಾತ್ರದ ನುಣುಪುಗಲ್ಲುಗಳು ಇಂದಿಗೂ ಗುಡ್ಡದ ನಡುವಿನ ಒಣ ಕಣಿವೆಯಲ್ಲಿ ಬಿದ್ದಿವೆ. ಚಾಲಕ ಎಲ್ಲವನ್ನೂ ಕೇಳಿ, “ಅಂದ್ರೆ ನಾವು ಕೂತಲ್ಲೇ ಬಡ್ತಿ ತಗೊಳ್ತಿದ್ದೀವಿ ಅನ್ನಿ ಮೇಡಂ” ಎಂದ. “ನಿಂಗೆ ಸಿಗತ್ತೆ ಕಣಪ್ಪ, ನಂಗೆ ಅನುಮಾನ” ಎಂದರು ಅವರು.

ಆ ಅನುಮಾನ ಬಹಳ ವರ್ಷ ಸುಳ್ಳಾಗಲಿಲ್ಲ.

ಈ ಲೇಖಕ ಆಗ ಅಳತೆ ಕೋಲು ಹಿಡಿದು ನಿಲ್ಲುವ ಕೆಲಸದಲ್ಲಿದ್ದ. ಸಂಜೆ ತರಗತಿ ಇರುವ ದಿನ ಮೇಡಂ ತಾವೇ ಯಂತ್ರ ಮಡಚಿ, ಮುಕ್ಕಾಲಿಯನ್ನು ಹೆಗಲಿಗೆ ಹಾಕಿಕೊಂಡು, “ಹೊರಡು, ಬಸ್ಸು ನಿನಗೋಸ್ಕರ ಕಾಯಲ್ಲ” ಎಂದು ಕಳಿಸುತ್ತಿದ್ದರು. ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದಾಗ ಸಮಾಧಾನ ಹೇಳಲಿಲ್ಲ. ಉತ್ತರ ಪತ್ರಿಕೆಯನ್ನು ನೆನಪಿನಿಂದ ಮತ್ತೆ ಬರೆಸಿ, ಎಲ್ಲಿ ತಪ್ಪಿದೆಯೆಂದು ತೋರಿಸಿದರು. ಅವರ ಪ್ರೀತಿ ಹಾಗೆಯೇ ಇರುತ್ತಿತ್ತು, ಮೆತ್ತಗಿರುತ್ತಿರಲಿಲ್ಲ. ಚಾಲಕನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯ ಪಾಳಿಗೆ ಹೋಗಿ ಕುಳಿತವರೂ ಅವರೇ, ಮಾರನೆಯ ದಿನ ಜೀಪು ತಡವಾಯಿತೆಂದು ಗದರಿದವರೂ ಅವರೇ.

ಈಗ ಸೊನ್ನೆ ಕಲ್ಲಿನ ವಿಷಯ. ಬಂದರು ಕಚೇರಿಯ ಅಂಗಳದಲ್ಲಿ, ಹೂಕುಂಡಗಳ ನಡುವೆ, ತಲೆಗೆ ಹಿತ್ತಾಳೆಯ ಮೊಳೆ ಹೊಡೆದ ಒಂದು ಕಲ್ಲಿದೆ. ಊರಿನ ಎಲ್ಲ ಎತ್ತರಗಳನ್ನೂ ಅದರಿಂದಲೇ ಎಣಿಸಬೇಕು, ಅದರ ಎತ್ತರ ಎಂದಿಗೂ ಇಷ್ಟೇ ಎಂದು ಹಳೆಯ ಸರ್ಕಾರಿ ಆದೇಶವಿದೆ. ಆ ಕಲ್ಲಿನಿಂದ ತಗ್ಗಿನ ಕೇರಿಗೆ ಅಳೆದಾಗಲೆಲ್ಲ ಕೇರಿ ಹಿಂದಿನ ಸಲಕ್ಕಿಂತ ಕೆಳಗೆ ಬರುತ್ತಿತ್ತು. ಕಲ್ಲು ಕದಲುವಂತಿಲ್ಲವಾದ್ದರಿಂದ ಕೇರಿ ಮುಳುಗುತ್ತಿದೆ ಎಂದಾಯಿತು. ಅಳತೆ ಮೇಡಂ ಅವರದೇ, ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಕಲ್ಲು ನಿಂತ ನೆಲ.

ಅವರು ಇದನ್ನು ಕಂಡುಕೊಂಡದ್ದು ಬಂದರಿನ ಗೋಡೆಯಲ್ಲಿ. ಬಂಡೆಗೆ ಕಚ್ಚಿಕೊಂಡು ಬದುಕುವ ಸಣ್ಣ ಚಿಪ್ಪುಜೀವಿಗಳು ಉಬ್ಬರದ ನೀರು ಮುಟ್ಟುವಷ್ಟು ಎತ್ತರಕ್ಕೆ ಮಾತ್ರ ಇರುತ್ತವೆ. ಅಲ್ಲಿ ಜೀವಂತವಿದ್ದವುಗಳ ಮೇಲೆ ಸತ್ತವುಗಳ ಬಿಳಿ ಪಟ್ಟಿಯೊಂದಿತ್ತು, ಅದು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿತ್ತು. ಗೋಡೆ ಅವುಗಳನ್ನು ನೀರಿನಿಂದ ಎತ್ತಿ ಕೊಂದಿತ್ತು. ಬಂದರಿನಲ್ಲಿ ಆಳ ಕಡಿಮೆಯಾದಾಗ ಹೂಳು ತುಂಬಿದೆ ಎನ್ನುತ್ತಿದ್ದರು; ಉಬ್ಬರ ಅಳೆಯುವ ಕಂಬದಲ್ಲಿ ನೀರು ಕೆಳಗೆ ಕಂಡಾಗ ಕಂಬ ಸರಿದಿದೆ ಎಂದು ಅದನ್ನು ಕೆಳಗಿಳಿಸಿ ಮತ್ತೆ ಬಡಿಯುತ್ತಿದ್ದರು. ನೆಲ ಹೇಳುತ್ತಿದ್ದ ಒಂದೊಂದು ಮಾತನ್ನೂ ಹೀಗೆ ಶ್ರದ್ಧೆಯಿಂದ ತಿದ್ದಲಾಗುತ್ತಿತ್ತು.

ಆಗಿನ ದೊಡ್ಡ ಸಾಹೇಬರು ಕೆಟ್ಟವರಲ್ಲ, ಹಾಸ್ಯಪ್ರಿಯರು. ಮೇಡಂ ಹೇಳಿದ್ದನ್ನೆಲ್ಲ ಕೇಳಿ, “ಸರ್ಕಾರದ ಆದೇಶ ಇಲ್ದೆ ಕಲ್ಲು ಹ್ಯಾಗ್ರೀ ಮೇಲೆ ಹೋಗತ್ತೆ?” ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಆ ನಗುವಿನಾಚೆ ಒಂದು ಕೇರಿಯಿತ್ತು. ಬಲೆ ಹೆಣೆಯುವವರು, ದೋಣಿ ರಿಪೇರಿಯವರು, ಹೊಲಿಗೆಯವರು ಇದ್ದ ಆ ಕೇರಿಯಲ್ಲೇ ಮೇಡಂ ಹುಟ್ಟಿ ಬೆಳೆದದ್ದು. ತಂದೆ ಕಟ್ಟಿದ ಮನೆಯಲ್ಲಿ ತಂಗಿ, ತಂಗಿಯ ಗಂಡ, ಮಕ್ಕಳಿದ್ದರು. ಮುಳುಗುವ ಜಾಗವೆಂದು ಇಲಾಖೆ ಅದನ್ನು ತೆರವು ಮಾಡಿಸಲು ಹೊರಟಿತು. ಆಧಾರ, ಮೇಡಂ ಸಹಿ ಹಾಕಿದ ಅಳತೆಗಳು. ಕಲ್ಲಿನ ಎತ್ತರವನ್ನು ಮರುಪರಿಶೀಲಿಸಬೇಕು ಎಂದು ಪ್ರತಿ ಸಲವೂ ಅವರು ಕೊನೆಯಲ್ಲಿ ಸೇರಿಸುತ್ತಿದ್ದ ಷರಾ ವರದಿ ಅಚ್ಚಾಗುವಾಗ ಜಾಗವಿಲ್ಲದೆ ಬಿಟ್ಟುಹೋಗುತ್ತಿತ್ತು. ತಂಗಿ ಒಂದು ಭಾನುವಾರ ಅಕ್ಕನನ್ನು ಕರೆದೊಯ್ದು ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ನಿಲ್ಲಿಸಿದರು.

“ಅಪ್ಪ ಇದ್ದಾಗ ಉಬ್ಬರದ ನೀರು ಎಲ್ಲಿಗೆ ಬರ್ತಿತ್ತು ಅಕ್ಕ?”

“ಮೂರನೇ ಮೆಟ್ಟಿಲಿಗೆ.”

“ಈಗ ಎಲ್ಲಿದೆ, ನೋಡು. ನಿಮ್ಮ ಯಂತ್ರಕ್ಕೆ ಈ ಮೆಟ್ಟಿಲು ಕಾಣಲ್ವಾ?”

ನೀರು ಮೂರನೆಯ ಮೆಟ್ಟಿಲಲ್ಲೇ ಇತ್ತು. ಮೇಡಂ ಅದನ್ನು ನೋಡಿ ಹಿಂದಿರುಗಿದರು. ಮೆಟ್ಟಿಲನ್ನು ತೆರವು ನಿರ್ಧರಿಸುವ ಇಲಾಖೆಯ ಸಮಿತಿ ಒಪ್ಪುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಸಮಿತಿ ಒಪ್ಪುವಂಥದ್ದನ್ನು ತರಬೇಕೆಂದು ಅವರು ಹಟಕ್ಕೆ ಬಿದ್ದರು. ಉಬ್ಬಿನಿಂದ ದೂರ, ಒಳನಾಡಿನ ಗಟ್ಟಿ ಬಂಡೆಯ ಮೇಲೆ ಒಂದು ಹಳೆಯ ಗುರುತಿತ್ತು. ಅಲ್ಲಿಂದ ಹೆಜ್ಜೆ ಹೆಜ್ಜೆಗೂ ಯಂತ್ರ ನಿಲ್ಲಿಸಿ, ರಸ್ತೆ, ಗದ್ದೆಯ ಬದು, ರೈಲು ಹಳಿಯ ಅಂಚು ದಾಟಿ ಬಂದರಿನವರೆಗೆ ಅಳೆದುಕೊಂಡು ಬರುವುದು. ಅನುಮತಿ ಸಿಗಲಿಲ್ಲ. ಸ್ವಂತ ರಜೆ ಹಾಕಿ, ಎರಡು ಬೇಸಿಗೆ ಮುಗಿಸಿದರು. ಕೋಲು ಹಿಡಿದವನು ಈ ಲೇಖಕ. ಬಿಸಿಲಿನಲ್ಲಿ ಗಾಳಿ ನಡುಗಿ ಅಂಕಿ ಅಲುಗಾಡುತ್ತಿದೆ ಎಂದು ಅರ್ಧ ದಿನದ ಕೆಲಸವನ್ನು ಅಳಿಸಿ, ಮತ್ತೆ ಮೊದಲಿನಿಂದ ಅಳೆಸಿದ ದಿನಗಳಿದ್ದವು. ಬಂದ ಉತ್ತರ ಸ್ಪಷ್ಟವಾಗಿತ್ತು: ಸೊನ್ನೆ ಕಲ್ಲು ಒಂದು ಗೇಣಿಗೂ ಹೆಚ್ಚು ಏರಿತ್ತು, ತಗ್ಗಿನ ಕೇರಿ ಇದ್ದಲ್ಲೇ ಇತ್ತು.

ಸಮಿತಿ ಅದನ್ನು ಸುಳ್ಳೆನ್ನಲಿಲ್ಲ. ಸುಳ್ಳೆಂದಿದ್ದರೆ ವಾದಿಸಬಹುದಿತ್ತು. ಕಲ್ಲು ತಪ್ಪೆಂದರೆ ಇಷ್ಟು ವರ್ಷದ ನಕ್ಷೆಗಳೆಲ್ಲ ತಪ್ಪು, ಹೂಳೆತ್ತಿಸಿದ್ದೆಲ್ಲ ದಂಡ, ಇದಕ್ಕೆ ಉತ್ತರ ಕೊಡುವವರು ಯಾರು ಎಂದು ದೊಡ್ಡ ಸಾಹೇಬರು ನಗದೆ ಕೇಳಿದರು. ಅನುಮತಿಯಿಲ್ಲದೆ ಇಲಾಖೆಯ ಯಂತ್ರ ಬಳಸಿದ್ದಕ್ಕೆ ಮೇಡಂ ಅವರನ್ನು ಕಲ್ಲಿನ ಮಾದರಿಗಳ ಉಗ್ರಾಣಕ್ಕೆ ಹಾಕಿದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವರು ಧೂಳು ಒರೆಸುತ್ತ ಕುಳಿತಿದ್ದಾಗ ಕೇರಿಯ ಗೋಡೆಗಳು ಬಿದ್ದವು. ತಂಗಿಯ ಸಂಸಾರ ಊರಿನ ಇನ್ನೊಂದು ತುದಿಯಲ್ಲಿ ಮೂರನೆಯ ಮಹಡಿಯ ಎರಡು ಕೋಣೆಗೆ ಹೋಯಿತು. ಅಲ್ಲಿ ಬಲೆ ಹರಡಲು ಜಾಗವಿರಲಿಲ್ಲ. ತಂಗಿಯ ಗಂಡ ಕಸುಬು ಬಿಟ್ಟು ಅಂಗಡಿಯೊಂದರಲ್ಲಿ ಮೂಟೆ ಹೊರತೊಡಗಿದರು. ಮೇಡಂ ಬಾಗಿಲು ತಟ್ಟಿದರೆ ಮಕ್ಕಳು ತೆಗೆಯುತ್ತಿದ್ದರು, ತಂಗಿ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಆಮೇಲೆ ಭೂಕಂಪವಾಯಿತು. ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಕಪಾಟುಗಳೆಲ್ಲ ತೆರೆದುಕೊಂಡವು. ಉಗ್ರಾಣದ ಕಲ್ಲುಗಳು ಮೇಡಂ ಸುತ್ತ ಉರುಳಿದವು. ಹೊರಗೆ ಬಂದು ನೋಡಿದರೆ ಬಂದರಿನಲ್ಲಿ ನೀರಿರಲಿಲ್ಲ. ಅವರು ಮೊದಲು ಮಾಡಿದ್ದು, ಕುತೂಹಲಕ್ಕೆ ಕೆಸರಿಗಿಳಿಯುತ್ತಿದ್ದ ಜನರನ್ನು ಕೂಗಿ ಗುಡ್ಡದ ಮೇಲಕ್ಕೆ ಅಟ್ಟಿದ್ದು. ಹೋದ ನೀರು ತಿರುಗಿ ಬಂದೀತೆಂದು ಅವರ ಭಯ. ಸಂಜೆಯವರೆಗೂ ಕಾದರು, ಸಮುದ್ರ ಬರಲಿಲ್ಲ, ಏಕೆಂದರೆ ಅದು ಹೋಗಿರಲಿಲ್ಲ. ನೆಲ ಒಂದೇ ಏಟಿಗೆ ಆಳೆತ್ತರ ಎದ್ದಿತ್ತು. ದೋಣಿಗಳು ಮಗ್ಗುಲಾಗಿ ಬಿದ್ದಿದ್ದವು, ಪಾಚಿ ಮತ್ತು ಚಿಪ್ಪುಜೀವಿಗಳು ಸಾಯುವ ನಾತ ವಾರಗಟ್ಟಲೆ ಊರನ್ನು ಬಿಡಲಿಲ್ಲ. ಗುಡ್ಡಕ್ಕೆ ಕೆಳಗಡೆ ಇನ್ನೊಂದು ಮೆಟ್ಟಿಲು ಹುಟ್ಟಿತ್ತು. ತಗ್ಗಿನ ಕೇರಿಯ ಖಾಲಿ ನೆಲದಲ್ಲಿ, ಮುರಿದ ಮನೆಯ ಹಿಂದೆ, ನೀರು ಮೂರನೆಯ ಮೆಟ್ಟಿಲಿಗೇ ಬಂದು ಹೋಗುತ್ತಿತ್ತು.

ಇಲಾಖೆ ಮೇಡಂ ಅವರನ್ನು ಉಗ್ರಾಣದಿಂದ ಹೊರತಂದಿತು, ಬಡ್ತಿ ಕೊಟ್ಟಿತು, ಭಾಷಣಗಳಲ್ಲಿ ದೂರದೃಷ್ಟಿ ಎಂಬ ಮಾತು ಕೇಳಿಬಂತು. ಜೊತೆಗೇ ಒಂದು ತೀರ್ಮಾನವೂ ಆಯಿತು. ಹಳೆಯ ಬಂದರು ಕೆಟ್ಟಿತು, ಹೊಸದಕ್ಕೆ ಏಳದ ನೆಲ ಬೇಕು. ಅಂಥ ನೆಲ ಎಲ್ಲಿದೆಯೆಂದು ಮೇಡಂ ಅವರ ಎರಡು ಬೇಸಿಗೆಯ ಅಳತೆಯೇ ತೋರಿಸುತ್ತದೆ: ತಗ್ಗಿನ ಕೇರಿಯಲ್ಲಿ. ಒಂದು ಸಲ ತಪ್ಪು ಅಳತೆಯಿಂದ ಹೋದ ಕೇರಿ ಇನ್ನೊಂದು ಸಲ ಸರಿಯಾದ ಅಳತೆಯಿಂದ ಹೋಯಿತು. ಮುಳುಗುವ ಜಾಗವೆಂದು ಎಬ್ಬಿಸಲಾದವರಿಗೆ ಮುಳುಗುವ ಜಾಗದ ದರದಲ್ಲಿ ಪರಿಹಾರ ಕೊಟ್ಟಾಗಿದೆಯಲ್ಲ ಎಂದರು ಅಧಿಕಾರಿಗಳು. ಆ ಜಾಗ ಮುಳುಗುತ್ತಿರಲಿಲ್ಲ ಎಂಬ ಒಂದು ವಾಕ್ಯ ಇಲಾಖೆಯ ಯಾವ ಮುದ್ರಿತ ಪುಟದಲ್ಲೂ ಇಲ್ಲ. ಕೇರಿಯವರು ಕೋರ್ಟಿಗೆ ಹೋಗಿದ್ದಾರೆ, ಅವರ ವಕೀಲರು ಕೇಳುತ್ತಿರುವುದು ಅದನ್ನೇ.

ಮೇಡಂ ತಂಗಿಯ ಮನೆಗೆ ಹೋಗಿ, ನಾನು ಹೇಳಿದ್ದೇ ಸರಿಯಾಯಿತು ಎಂದು ಹೇಗೋ ಬಾಯಿಬಿಟ್ಟರು. ತಂಗಿ ಅಂದು ಅಡುಗೆಮನೆಯಿಂದ ಹೊರಗೆ ಬಂದರು.

“ನೀನು ಸರಿ ಅಂತ ನಂಗೆ ಯಾವಾಗ್ಲೋ ಗೊತ್ತು ಅಕ್ಕ. ಸರಿ ಇದ್ದು ಏನು ಬಂತು? ಅವರ ಕಾಗದದಲ್ಲಿ ನಾವಿನ್ನೂ ಮುಳುಗ್ತಾನೇ ಇದ್ದೀವಿ.”

ಇದನ್ನು ಮೇಡಂ ಈ ಲೇಖಕನಿಗೆ ಹೇಳಿದ್ದು ಕಚೇರಿಯ ಮೆಟ್ಟಿಲ ಮೇಲೆ, ಚಹಾ ಆರಿಹೋಗುವವರೆಗೆ ಲೋಟ ಕೈಯಲ್ಲೇ ಹಿಡಿದು.

ಹೊಸ ಬಂದರಿನ ಸಲಹೆಗಾರರ ಹುದ್ದೆಯನ್ನು ಅವರು ನಿರಾಕರಿಸಿದ್ದಾರೆ. ಸೊನ್ನೆ ಕಲ್ಲಿನ ಪಕ್ಕದಲ್ಲಿ ಅವರ ಹೆಸರು ಕೆತ್ತಿದ ಇನ್ನೊಂದು ಕಲ್ಲು ನೆಡುವ ಯೋಜನೆಯನ್ನೂ, ಅದೂ ಅದೇ ಏರುವ ನೆಲದ ಮೇಲೆ, ಅಂಗಳ ಚೆನ್ನಾಗಿದೆ ಎಂಬ ಕಾರಣಕ್ಕೆ ಎಂದು ತಿಳಿದ ಮೇಲೆ, ಬೇಡವೆಂದಿದ್ದಾರೆ. ಈ ಗ್ರಂಥವನ್ನು ಮಾತ್ರ ಒಪ್ಪಿದರು. ಇಲಾಖೆಯೇ ಪ್ರಕಟಿಸಬೇಕು, ಒಂದು ಲೇಖನವನ್ನು ತಾವು ಹೇಳಿದವನಿಂದ ಬರೆಸಬೇಕು, ಅದರಲ್ಲಿ ಒಂದಕ್ಷರವನ್ನೂ ಸಂಪಾದಕರು ತೆಗೆಯಬಾರದು ಎಂಬುದು ಅವರ ಷರತ್ತು. ಹೊಗಳಿಕೆಯ ಪುಸ್ತಕ ತಾನೆ ಎಂದು ಗ್ರಂಥದ ಸಮಿತಿ ಸಹಿ ಹಾಕಿಕೊಟ್ಟಿತು.

ಏನು ಬರೆಯಬೇಕೆಂದು ಕೇಳಿದಾಗ ಅವರೆಂದರು: “ನನ್ನ ಬಗ್ಗೆ ಏನಾದ್ರೂ ಬರ್ಕೋ, ಎರಡು ಸುಳ್ಳು ಹೇಳಿದ್ರೂ ಪರವಾಗಿಲ್ಲ. ಕೇರಿ ಬಗ್ಗೆ ಮಾತ್ರ ನೆಟ್ಟಗೆ ಬರಿ. ಹೆದರಿಕೆ ಆದ್ರೆ ಈಗ್ಲೇ ಹೇಳ್ಬಿಡು, ಚಾಲಕನ ಕೈಲಿ ಬರೆಸ್ತೀನಿ.”

ಹೆದರಿಕೆಯಾಗಿದೆ. ಸೇವೆ ಇನ್ನೂ ಬಹಳ ವರ್ಷವಿದೆ, ಉಗ್ರಾಣವೂ ಖಾಲಿಯಿದೆ. ಆದರೂ ಅವರ ಜೊತೆ ಎರಡು ಬೇಸಿಗೆ ಅಳೆದವನು, ಅಂಕಿಗಳನ್ನು ಈ ವಾರ ಮತ್ತೊಮ್ಮೆ ಕೂಡಿಸಿ ನೋಡಿ, ಇಲಾಖೆಯ ಈ ಮುದ್ರಿತ ಪುಟದಲ್ಲಿ ಬರೆಯುತ್ತಿದ್ದಾನೆ: ಬಂದರು ಕಚೇರಿಯ ಅಂಗಳದ ಕಲ್ಲು ಏರಿದೆ, ತಗ್ಗಿನ ಕೇರಿ ಮುಳುಗುತ್ತಿರಲಿಲ್ಲ, ಅಲ್ಲಿಂದ ಯಾರನ್ನೂ ಎಬ್ಬಿಸಬೇಕಾಗಿರಲಿಲ್ಲ.

ನಿವೃತ್ತರಿಗೆ ದೀರ್ಘಾಯುಸ್ಸನ್ನು ಹಾರೈಸುವುದು ಇಂಥ ಲೇಖನಗಳ ರೂಢಿ. ಇಲ್ಲಿ ಅದು ಬರಿಯ ಹಾರೈಕೆಯಲ್ಲ, ಅಗತ್ಯ. ಈ ವಾಕ್ಯವನ್ನು ಕೋರ್ಟಿನಲ್ಲಿ ನಿಂತು ವಿವರಿಸಬಲ್ಲವರು ಅವರೊಬ್ಬರೇ, ಮತ್ತು ಆ ಮೊಕದ್ದಮೆ ಈ ದಡಕ್ಕಿಂತ ನಿಧಾನವಾಗಿ ಚಲಿಸುತ್ತಿದೆ. ಆದ್ದರಿಂದ ಮೇಡಂ ಆರೋಗ್ಯವಾಗಿರಲಿ, ಕಣ್ಣು ಮಂಜಾಗದಿರಲಿ, ಎಂದಿನಂತೆ ಗದರುತ್ತಿರಲಿ. ನಿವೃತ್ತಿಯ ಮಾರನೆಯ ಬೆಳಿಗ್ಗೆ ಕೇರಿಯ ಪಾಯಗಳನ್ನು ಮನೆ ಮನೆಯಾಗಿ ಅಳೆಯಲು ಹೊರಡುವುದಾಗಿ ಹೇಳಿದ್ದಾರೆ, ಆ ಕೆಲಸ ಮುಗಿಯುವವರೆಗೂ, ತೀರ್ಪು ಬರುವವರೆಗೂ, ಬಂದ ತೀರ್ಪನ್ನು ತಂಗಿಯ ಮನೆಯ ಮೂರು ಮಹಡಿ ಹತ್ತಿ ಓದಿ ಹೇಳುವವರೆಗೂ ಬಾಳಲಿ.