ಅಕ್ಕನ ಎರಡು ಫೋಟೋ

ನನಗೆ ಅನ್ನ ಹಾಕುವ ಕ್ಯಾಮರಾದ ಮೇಲೆ ನನಗೆ ಪ್ರೀತಿಯಿಲ್ಲ. ಮದುವೆಯವರು ಕೇಳುತ್ತಾರೆಂದು ಕೊಂಡದ್ದು, ಅಷ್ಟೇ.

ರಾಯಚೂರಿನ ಗಡಿಯಾಚೆಯ ಮಕ್ತಲ್‌ನಲ್ಲಿ ನನ್ನದು ಸಣ್ಣ ಸ್ಟುಡಿಯೋ. ಸುತ್ತಲಿನವರೆಲ್ಲ ಡಿಜಿಟಲ್‌ಗೆ ಹೋದರೂ ನಾನು ಹಠಕ್ಕೆ ಬಿದ್ದು ರೀಲ್ ಬಿಟ್ಟಿರಲಿಲ್ಲ. ತೆಲಂಗಾಣ ಚಳವಳಿ ಜೋರಾಗಿದ್ದ ಕಾಲಕ್ಕೆ ರಾಯಚೂರಿನ ಲ್ಯಾಬಿನವರು ರೀಲ್ ತೊಳೆಯುವುದನ್ನೇ ನಿಲ್ಲಿಸಿದರು. ಅಲ್ಲಿನ ಪರಿಚಯದ ವ್ಯಾಪಾರಿ ಎರಡು ಕಂಪನಿಯ ಡಿಜಿಟಲ್ ಕ್ಯಾಮರಾ ಕೈಗಿಟ್ಟು, "ಹೊಡದು ನೋಡ್ರಿ. ಚಲೋ ಅನಿಸಿದ್ದು ಇಟಗೊಂಡು ಇನ್ನೊಂದು ವಾಪಸ್ ಕೊಡ್ರಿ" ಎಂದ. ಒಂದು ಕ್ಯಾಮರಾ ಮುಖಕ್ಕೆ ಕೆಂಪು ತುಂಬುತ್ತಿತ್ತು. ಬಿಸಿಲಿಗೆ ಸುಟ್ಟ ಕುರಿ ಕಾಯುವ ಮುದುಕನೂ ಅದರಲ್ಲಿ ಮದುಮಗನೇ. ಇನ್ನೊಂದು ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಗಿರಾಕಿಗಳೆಲ್ಲ ಮೊದಲನೆಯದನ್ನೇ ಹೊಗಳಿದರು. ನನ್ನ ಮನಸ್ಸು ಎರಡನೆಯದರ ಮೇಲಿತ್ತು.

ಅಷ್ಟರಲ್ಲಿ ನಾರಾಯಣಪೇಟೆಯಲ್ಲಿದ್ದ ನನ್ನ ಅಕ್ಕ ಜ್ವರದಿಂದ ತೀರಿಕೊಂಡಳು. ಬಂದ್ ನಡೆದಿತ್ತು, ಬಸ್ಸಿಲ್ಲ. ಎರಡೂ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಬೈಕಿನ ಮೇಲೆ ಹೋದೆ. ಕರ್ನೂಲಿಗೆ ಕೊಟ್ಟಿದ್ದ ಅವಳ ಒಬ್ಬಳೇ ಮಗಳು ಬರುವ ದಾರಿಯಿರಲಿಲ್ಲ, ಮಣ್ಣು ಮಾಡುವುದನ್ನು ತಡೆಯುವಂತೆಯೂ ಇರಲಿಲ್ಲ. ನಮ್ಮಲ್ಲಿ ಸತ್ತವರಿಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ; ಹಾಗೆಯೇ ಕೊನೆಯ ಫೋಟೋ ತೆಗೆಸುತ್ತಾರೆ. ಎಷ್ಟೋ ಮನೆಗಳಲ್ಲಿ ತೆಗೆದ ಕೈ ನನ್ನದು.

"ಮಗಳು ಮುಖಾ ನೋಡಿಲ್ಲ. ಛಂದಂಗ ತೆಗೀಪಾ" ಎಂದರು ಅಕ್ಕನ ಗಂಡ.

ಎರಡರಲ್ಲೂ ತೆಗೆದೆ. ರೀಲ್ ಆಗಿದ್ದರೆ ತೊಳೆದು ಬರುವವರೆಗಾದರೂ ನೋಡುವ ಶಿಕ್ಷೆ ತಪ್ಪುತ್ತಿತ್ತು. ಇಲ್ಲಿ ಅಕ್ಕ ಆಗಲೇ ಕ್ಯಾಮರಾದ ಹಿಂದಿನ ಪರದೆಯಲ್ಲಿ ಬಂದು ಕೂತಿದ್ದಳು. ನನಗೆ ತಾಳಲಾಗಲಿಲ್ಲ, ಆಫ್ ಮಾಡಿದೆ.

ಬಂದ್ ಮುಗಿದ ಮೇಲೆ ಎರಡನ್ನೂ ಪ್ರಿಂಟ್ ಹಾಕಿಸಿ ತಂದೆ. ಮಗಳು ಗದ್ವಾಲ್ ಮೇಲೆ ಬರುವ ಬಸ್ಸು ಹಿಡಿದು ಬಂದಳು. ಅಳಲಿಲ್ಲ. ತಾಯಿಯನ್ನು ಕೂಡಿಸಿದ್ದ ಜಾಗ ನೋಡಿದಳು, ನೀರು ಕುಡಿದಳು, ಫೋಟೋ ಕೇಳಿದಳು. ಹುಡುಗಿಗೆ ನೋವಾಗದಿರಲೆಂದು ಚೆಂದದ್ದನ್ನೇ ಮೊದಲು ಕೊಟ್ಟೆ. ಬಹಳ ಹೊತ್ತು ನೋಡಿ ತಲೆಯೆತ್ತಿದಳು.

"ಮಾಮಾ, ಅವ್ವ ನಿದ್ದಿ ಮಾಡಾಕತ್ಯಾಳಲ್ರಿ. ಗಲ್ಲದಾಗ ರಗತ ಐತಿ. ಉಸಿರಿತ್ತೋ ಏನೋ, ಸರಿಯಾಗಿ ನೋಡಿದ್ರೇನು? ನಾ ಬರೋತನಕ ಯಾಕ ಕಾಯಲಿಲ್ಲ?"

"ಕ್ಯಾಮರಾ ಹಂಗ ತೋರಸ್ತೈತವ್ವ" ಎಂದೆ. ಆ ಮಾತು ನನ್ನ ಕಿವಿಗೇ ಸುಳ್ಳಾಗಿ ಕೇಳಿಸಿತು. ಅವಳು ನಂಬಲಿಲ್ಲ. ನನ್ನನ್ನು ಕೊಲೆಗಾರನನ್ನು ನೋಡುವಂತೆ ನೋಡಿದಳು.

ಬೇರೆ ದಾರಿ ಕಾಣದೆ ಎರಡನೆಯ ಫೋಟೋ ಕೊಟ್ಟೆ. ಅದರಲ್ಲಿ ತುಟಿ ಕಪ್ಪಾಗಿತ್ತು, ದವಡೆ ಇಳಿದಿತ್ತು, ಒಂದು ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಅವಳು ಅದನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು. ಹೆಂಗಸರು ಬಂದು ಹಿಡಿದುಕೊಂಡರು. ಸತ್ತ ಮುಖವನ್ನು ನೋಡಿದ ಮೇಲೇ ಅವಳಿಗೆ ತಾಯಿ ಸತ್ತದ್ದು.

ಮರುದಿನ ಹೊರಟಾಗ ಆ ಕಪ್ಪು ತುಟಿಯ ಫೋಟೋವನ್ನು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಳು. ಚೆಂದದ್ದನ್ನು ನನ್ನ ಕೈಗೇ ವಾಪಸ್ ಕೊಟ್ಟಳು.

"ಇದು ಬ್ಯಾಡ್ರಿ ಮಾಮಾ. ಮನ್ಯಾಗಿದ್ರ ದಿನಾ ಎಬ್ಬಸಾಕ ಹೋಗ್ತೀನಿ."