ಒಂದೇ ಹೆಸರಿಗೆ ಬಂದ ಎರಡು ರಿಸಲ್ಟು

ನಮ್ಮ ಮನೆಯಲ್ಲಿ ಇಬ್ಬರಿಗೆ ಒಂದೇ ಹೆಸರು. ಒಬ್ಬಳು ನನ್ನ ಅವ್ವ, ಇನ್ನೊಬ್ಬಳು ನನ್ನ ಮಗಳು. ನಮ್ಮ ಕಡೆ ಮೊಮ್ಮಕ್ಕಳಿಗೆ ಹಿರಿಯರ ಹೆಸರಿಡುವ ರೂಢಿ ಇದೆ. ಆದರೆ ಇಡುವುದು ತೀರಿಹೋದವರ ಹೆಸರು. ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅವ್ವ ಮಾತ್ರ ಹಟ ಹಿಡಿದಳು.

"ನಂದ ಇಡ್ರಿ," ಅಂದಳು.

ನನ್ನ ಸೋದರತ್ತೆ ನಕ್ಕಳು. "ನೀ ಇನ್ನೂ ಗುಂಡಕಲ್ಲಿನಂಗ ಅದಿಯಲ್ಲಬೇ. ನಿಂದ್ಹ್ಯಾಂಗ ಇಡೂದು?"

"ಅದಕ್ಕ ಇಡ್ರಿ ಅನ್ನಾಕತ್ತೀನಿ. ಸತ್ತ ಮ್ಯಾಲ ಇಟ್ರ, ಕರಿಯೋದು ನನಗ ಕೇಳ್ತೈತೇನು?"

ಇಟ್ಟೆವು. ಆದರೆ ಕರೆಯಲು ಆಗಲಿಲ್ಲ. ಸೊಸೆಯಾದವಳು ಅತ್ತೆಯ ಹೆಸರು ಹೇಳಬಾರದು. ಆ ಹೆಸರು ಹಿಡಿದು ಕೂಸನ್ನು ಬೈಯುವುದಂತೂ ದೂರದ ಮಾತು. ನನಗೂ ಹೆತ್ತವಳ ಹೆಸರು ಬಾಯಿಗೆ ಬರಲಿಲ್ಲ. ಹೆಂಡತಿ ಕೂಸಿಗೆ ಅವ್ವಿ ಅಂದಳು, ನಾನೂ ಅವ್ವಿ ಅಂದೆ, ಕಡೆಗೆ ಓಣಿಯೆಲ್ಲ ಅವ್ವಿ ಅಂದಿತು. ಖರೇ ಹೆಸರು ಸಾಲೆಯ ಹಾಜರಿಯಲ್ಲಿ ಉಳಿಯಿತು. "ಹೆಸರ ಇಟ್ಟು ಗಂಟ ಕಟ್ಟಿ ಗ್ವಾಡಿ ಮಾಡದಾಗ ಇಟ್ರಲ್ಲೋ," ಎಂದು ಅವ್ವ ಕೆಲವು ದಿನ ಗೊಣಗಿ ಸುಮ್ಮನಾದಳು.

ಮುಂದೆ ಕೊರೋನಾದ ಎರಡನೆಯ ಬೇಸಿಗೆ ಬಂತು. ಬಸ್ಸುಗಳು ಇನ್ನೂ ಓಡುತ್ತಿದ್ದಾಗ ಅವ್ವ ಮತ್ತು ಅವ್ವಿ ಯಾವಗಲ್ ಎಂಬ ಊರಿಗೆ ಹೋಗಿ ಬಂದಿದ್ದರು. ಅಲ್ಲಿ ಅವ್ವನ ತಂಗಿಯ ಮೊಮ್ಮಗಳು ಬಸುರಿ, ಅವಳ ಕುಬಸ ಇತ್ತು. ಅವರು ಬಂದ ಮೇಲೆ ಬಸ್ಸುಗಳು ನಿಂತವು. ನಮ್ಮ ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ನಾಯಿಗಳು ಮಲಗುವಂತಾಯಿತು. ನೂಲು ಬರುವುದೂ ನಿಂತು ನಮ್ಮ ನೇಕಾರರ ಓಣಿಯ ಮಗ್ಗಗಳು ಒಂದೊಂದಾಗಿ ಸುಮ್ಮನಾದವು. ಅಷ್ಟರಲ್ಲಿ, ಕುಬಸ ಮಾಡಿದ ಮನೆಯವರು ಜ್ವರ ಬಂದು ಮಲಗಿದ್ದಾರೆ ಎಂಬ ಸುದ್ದಿ ಬಂತು. ಓಣಿಯ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಳು.

"ಕಾಕಾ, ನಾಕೂ ಮಂದಿ ಬಂದು ಟೆಸ್ಟ್ ಮಾಡಿಸ್ಕೊಳ್ರಿ. ಬರಲಿಲ್ಲಂದ್ರ ನನ್ನ ಬೈತಾರ."

ಸಾಲೆಯ ಅಂಗಳದ ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿದ್ದರು. ಹೆಸರು ಬರೆದುಕೊಳ್ಳುತ್ತಿದ್ದವನು ಬೇರೆ ಊರಿನ ಹುಡುಗ. ಮೈತುಂಬ ಪ್ಲಾಸ್ಟಿಕ್ ಅಂಗಿ, ಆ ಬಿಸಿಲಿನಲ್ಲಿ ಪಾಪ ಬೆವರಿ ನೀರಾಗಿದ್ದ. ಅವ್ವನ ಹೆಸರು, ವಯಸ್ಸು ನಾನು ಹೇಳಿದೆ. ಮೂಗಿಗೆ ಕಡ್ಡಿ ಹಾಕಿ ತೆಗೆದಾಗ ಅವ್ವ ಸೀನಿದಳು. "ಮೂಗಿನಾಗ ನೂಲ ಪೋಣಿಸಿದಂಗ ಮಾಡಿದ್ಯಲ್ಲೋ ಯಪ್ಪಾ," ಅಂದಳು. ಸರದಿಯಲ್ಲಿದ್ದವರು ನಕ್ಕರು. ಆಮೇಲೆ ಅವ್ವಿ ಕುಳಿತಳು. ಆ ಹುಡುಗ ನನ್ನ ಹೆಂಡತಿಯನ್ನು ಕೇಳಿದ, "ಹೆಸರು?" ಅವಳು ನನ್ನ ಮುಖ ನೋಡಿದಳು. ಅತ್ತೆ ಪಕ್ಕದಲ್ಲೇ ನಿಂತಿದ್ದಳಲ್ಲ. ನಾನೇ ಹೇಳಿದೆ.

"ಅದ ಆತಲ್ರಿ. ಈಗ ಮುಂದಿನವರದು ಹೇಳ್ರಿ."

"ಮುಂದಿನವರದೂ ಅದರೀ. ಅಜ್ಜಿ ಹೆಸರ ಇಟ್ಟೇವ್ರಿ."

ಅವನು ತಲೆಯಾಡಿಸಿ ಬರೆದುಕೊಂಡ. ಹಿಂದಿನವರು ನೂಕುತ್ತಿದ್ದರು. ವಯಸ್ಸನ್ನು ಎರಡನೆಯ ಸಲ ಕೇಳಲಿಲ್ಲ, ಮೇಲಿನದನ್ನೇ ಕೆಳಗೆ ಇಳಿಸಿದನೆಂದು ಕಾಣುತ್ತದೆ. ನಾಲ್ಕೂ ಜನಕ್ಕೆ ನನ್ನ ಫೋನ್ ನಂಬರ್ ಕೊಟ್ಟು ಮನೆಗೆ ಬಂದೆವು.

ರಿಸಲ್ಟು ಮೊಬೈಲಿಗೆ ಬಂತು. ನಾನು ಅಕ್ಷರ ಕಲಿತದ್ದೇ ತಡವಾಗಿ, ಮಗ್ಗದ ಕೆಲಸ ಕಲಿತ ಎಷ್ಟೋ ಕಾಲದ ಮೇಲೆ. ಇಂಗ್ಲಿಷನ್ನು ಇವತ್ತಿಗೂ ಒಂದೊಂದೇ ಅಕ್ಷರ ಕೂಡಿಸಿ ಓದುತ್ತೇನೆ. ನನಗೆ ಮತ್ತು ಹೆಂಡತಿಗೆ ನೆಗೆಟಿವ್ ಎಂದಿತ್ತು. ಉಳಿದ ಎರಡು ಮೆಸೇಜು ಒಂದೇ ಹೆಸರಿಗೆ ಬಂದಿದ್ದವು. ಒಂದರಲ್ಲಿ ಪಾಸಿಟಿವ್, ಇನ್ನೊಂದರಲ್ಲಿ ನೆಗೆಟಿವ್. ಎರಡರಲ್ಲೂ ಅವ್ವನ ವಯಸ್ಸೇ ಇತ್ತು. ಆ ಮೆಸೇಜುಗಳ ಪ್ರಕಾರ ನಮ್ಮ ಮನೆಯಲ್ಲಿ ಇಬ್ಬರು ಮುದುಕಿಯರಿದ್ದರು, ಕೂಸೇ ಇರಲಿಲ್ಲ.

"ಏನಂತೈತಿ?" ಹೆಂಡತಿ ಕೇಳಿದಳು.

"ಒಬ್ಬಾಕಿಗೆ ಐತಿ."

"ಯಾರಿಗೆ?"

"ಹೆಸರ ಒಂದ ಐತಿ. ಯಾರಿಗಂತ ಗೊತ್ತಾಗವಲ್ದು."

ಅವ್ವ ರಾಟೆಯ ಮುಂದೆ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ. "ವಯಸ್ಸೆಷ್ಟ ಬರದಾರ?" ಅಂದಳು.

ಹೇಳಿದೆ.

"ಹಂಗಾರ ನಾನ. ಮತ್ತೇನ ಕೇಳ್ತಿ?"

"ಎರಡರಾಗೂ ನಿಂದ ವಯಸ್ಸೈತಿಬೇ."

"ಇನ್ನೂ ಚಲೋ ಆತು. ಹೋಗಾಕೀನೂ ನಾನ, ಉಳಿಯಾಕೀನೂ ನಾನ."

ಅವ್ವನಿಗೆ ಕೆಮ್ಮು ಇರಲಿಲ್ಲ, ಜ್ವರ ಇರಲಿಲ್ಲ. ಅವ್ವಿ ಮಾತ್ರ ಹಿಂದಿನ ದಿನದಿಂದ ಕೆಮ್ಮುತ್ತಿದ್ದಳು, ಮೈಯೂ ಬೆಚ್ಚಗಿತ್ತು. ನಾನು ಮೆಸೇಜಿನಲ್ಲಿದ್ದ ಆರೋಗ್ಯ ಇಲಾಖೆಯ ನಂಬರಿಗೆ ಫೋನು ಹಚ್ಚಿದೆ. ಆ ಕಡೆಯಿಂದ ಒಬ್ಬ ಹುಡುಗಿ ಮಾತಾಡಿದಳು.

"ಒಂದ ಮನ್ಯಾಗ ಇಬ್ಬರಿಗೆ ಒಂದ ಹೆಸರ ಹ್ಯಾಂಗಿರ್ತೈತ್ರಿ?"

"ಇಟ್ಟೇವ್ರಿ."

"ನನ್ನ ಮುಂದ ಹಿರೇರು ಅಂತ ಐತ್ರಿ. ಗಾಡಿ ಬರ್ತೈತಿ, ತಯಾರ ಮಾಡಿಸ್ರಿ. ಮತ್ತೊಮ್ಮೆ ಟೆಸ್ಟ್ ಅಂದ್ರ ಕಿಟ್ ಬಂದ ಮ್ಯಾಲ ನೋಡೂಣು."

ಗಾಡಿ ಬರುವ ಹೊತ್ತಿಗೆ ಅವ್ವ ಒಗೆದ ಸೀರೆ ಉಟ್ಟು, ಎಲೆ ಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಓಣಿಯವರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ನಾನು ಹತ್ತಿರ ಹೋದರೆ ಕೈಯಿಂದಲೇ ದೂರ ಸರಿ ಎಂದಳು.

"ಬೇ, ನಿನಗೇನೂ ಇಲ್ಲ. ನಾ ಅವರಿಗೆ ಹೇಳ್ತೀನಿ."

"ಏನ ಹೇಳ್ತಿ? ಆ ಕೂಸು ಅಲ್ಲಿ ಒಬ್ಬಾಕೀನ ಇರತೈತೇನು? ಬಾಯಿ ಮುಚ್ಚಕೊಂಡ ಕುಂದ್ರು." ಆಮೇಲೆ ಒಳಗಿದ್ದ ಮೊಮ್ಮಗಳಿಗೆ ಕೂಗಿ ಹೇಳಿದಳು, "ಅವ್ವೀ, ಮರುಗಕ್ಕ ನೀರ ಹಾಕು. ಭಾಳ ಹಾಕಬ್ಯಾಡ, ಕೊಳೀತೈತಿ."

ಹಿತ್ತಲಿನಲ್ಲಿ ಒಂದು ಎಣ್ಣೆಯ ಡಬ್ಬಿಯಲ್ಲಿ ಅವ್ವ ಮರುಗ ಬೆಳೆಸಿದ್ದಳು. ನೀರು ಹಾಕುವಾಗೆಲ್ಲ ಒಂದು ಎಲೆ ಚಿವುಟಿ ಮೂಸುತ್ತಿದ್ದಳು. ಅವಳ ಮೂಗು ಓಣಿಗೆಲ್ಲ ಗೊತ್ತು. ಮಗ್ಗದ ಹಾಸಿನ ನೂಲಿಗೆ ಹಚ್ಚುವ ಗಂಜಿ ಹುಳಿಯಾಗಿದ್ದರೆ ಹೊಸ್ತಿಲಲ್ಲಿ ನಿಂತೇ ಹೇಳುತ್ತಿದ್ದಳು. ಹುಳಿ ಗಂಜಿ ಹಚ್ಚಿದರೆ ಎಳೆಗಳು ಕಡಿದುಹೋಗುತ್ತವೆ. ಅಕ್ಕಪಕ್ಕದ ಮಗ್ಗದವರೂ ಅವಳನ್ನು ಕರೆದು ಕೇಳುತ್ತಿದ್ದರು.

ಗಾಡಿ ರೋಣದ ಕಡೆಗೆ ಹೋಯಿತು. ಅಲ್ಲಿ ಊರ ಹೊರಗಿನ ಒಂದು ಹಾಸ್ಟೆಲಿನಲ್ಲಿ ರೋಗಿಗಳನ್ನು ಇಟ್ಟಿದ್ದರು.

"ಕೂಸಿಗೆ ಏನೂ ಇಲ್ಲ. ನೆಗೆಟಿವ್ ಅಂತ ಬಂದೈತಲ್ಲ," ಅಂದಳು ಹೆಂಡತಿ. ಹಾಗೆ ಅನ್ನುತ್ತಲೇ ಹಾಸಿಗೆ ಸುತ್ತಿಕೊಂಡು, ಅವ್ವಿಯನ್ನು ಕರೆದುಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. "ನೀವು ಪಡಸಾಲ್ಯಾಗ ಇರ್ರಿ. ಅಡಗಿ ನಿಮಗ ಬಿತ್ತು." ಪಾಸಿಟಿವ್ ಕೂಸಿನದೇ ಎಂಬ ನನ್ನ ಅನುಮಾನ ಅವಳಿಗೂ ಇದೆ ಎಂದು ಆಗ ತಿಳಿಯಿತು. ಇಬ್ಬರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಪಡಸಾಲೆಯಲ್ಲಿ ನಾನು ಮತ್ತು ಮಗ್ಗ. ಅರ್ಧ ನೇಯ್ದ ಸೀರೆ ಹಾಗೇ ಇತ್ತು, ಇದ್ದ ನೂಲು ಇನ್ನೆರಡು ಮೊಳಕ್ಕೆ ಸಾಲುತ್ತಿತ್ತು. ಅದನ್ನೂ ನೇಯ್ದರೆ ಕೂಡ್ರಲು ಕೆಲಸವೇ ಇರುವುದಿಲ್ಲ ಎಂದು ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂಡುತ್ತಿದ್ದೆ. ರೊಟ್ಟಿ ತಟ್ಟಿ ಹೊಸ್ತಿಲಲ್ಲಿ ಇಟ್ಟು ಹಿಂದೆ ಸರಿಯುತ್ತಿದ್ದೆ. ಬಾಗಿಲು ತುಸು ತೆರೆದು ಒಂದು ಕೈ ಬಂದು ತಾಟನ್ನು ಒಳಗೆಳೆದುಕೊಳ್ಳುತ್ತಿತ್ತು. ಬಳೆ ಇದ್ದರೆ ಹೆಂಡತಿ, ಇಲ್ಲದಿದ್ದರೆ ಅವ್ವಿ.

"ಅಪ್ಪಾ, ಇದು ರೊಟ್ಟಿನೋ ಕರ್ನಾಟಕದ ನಕಾಶಿನೋ?"

"ತಿನ್ನು ಸುಮ್ನ."

"ಬೀದರ ತಿಂದ್ನಿ. ಈಗ ರಾಯಚೂರಿಗೆ ಬಂದೀನಿ."

ಈ ರೋಗದಲ್ಲಿ ವಾಸನೆ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಕಿಟ್ ಬರುವವರೆಗೆ ಕಾಯುವ ಬದಲು ನಾನೇ ನೋಡಬೇಕು ಅನಿಸಿತು. ಒಂದು ಸಂಜೆ ಬಾಗಿಲ ಹತ್ತಿರ ಊದಿನಕಡ್ಡಿ ಹಚ್ಚಿ, "ಅವ್ವೀ, ಏನ ವಾಸನಿ ಹೇಳು," ಅಂದೆ.

"ಊದಿನಕಡ್ಡಿ," ಅಂದಳು ತಕ್ಷಣ.

ನನಗೆ ಜೀವ ಬಂದಂತಾಯಿತು. ಆದರೆ ಒಳಗಿನಿಂದ ಹೆಂಡತಿ ಮೆಲ್ಲಗೆ, "ಕಡ್ಡಿ ಗೀರಿದ್ದು ಕೇಳಿಸ್ತು ಆಕಿಗೆ," ಅಂದಳು.

ಸಪ್ಪಳವಿಲ್ಲದ ವಾಸನೆ ಬೇಕಿತ್ತು. ಹಿತ್ತಲಿಗೆ ಹೋಗಿ ಒಂದು ಹಿಡಿ ಮರುಗ ಕಿತ್ತು ತಂದು, ಕೋಣೆಯ ಕಿಟಕಿಯ ಸರಳುಗಳ ನಡುವೆ ಕೈ ಹಾಕಿ ಬೆರಳಲ್ಲಿ ಹೊಸಕಿದೆ. ಕಿಟಕಿಗೆ ಪರದೆ ಇತ್ತು, ಅವಳಿಗೆ ಕಾಣುತ್ತಿರಲಿಲ್ಲ. ನನಗೇ ತಲೆಗೇರುವಷ್ಟು ಘಮ ಎದ್ದಿತು.

"ಈಗ ಏನ ವಾಸನಿ?"

ತುಸು ಕಾದೆ. ಇನ್ನೂ ಹೊಸಕಿದೆ.

"ಅಪ್ಪಾ," ಅಂದಳು ಅವ್ವಿ, "ಅದಿಯೋ, ಹೋದ್ಯೋ?"

"ಅದೀನಿ."

"ಮತ್ತ ಏನೂ ಹಚ್ಚವಲ್ಲಿ?"

ಹೆಂಡತಿ ಈ ಸಲ ಏನೂ ಹೇಳಲಿಲ್ಲ. ಅವಳಿಗೆ ಮರುಗದ ವಾಸನೆ ಬಂದೇ ಇರಬೇಕು. "ಈಗ ಹಚ್ಚತೀನಿ ತಡಿ," ಎಂದು ನಾನು ಕಡ್ಡಿ ಗೀರಿದೆ.

"ಊದಿನಕಡ್ಡಿ," ಅಂದಳು ಅವ್ವಿ, ಗೆದ್ದವಳ ಹಾಗೆ.

ಮರುದಿನ ಆ ಹಾಸ್ಟೆಲಿಗೆ ಫೋನು ಹಚ್ಚಿದೆ. ಅವ್ವನ ಪಕ್ಕದ ಕಾಟಿನ ಹೆಣ್ಣುಮಗಳ ಹತ್ತಿರ ಮೊಬೈಲ್ ಇತ್ತು. ಅವಳು ಅವ್ವನ ಕೈಗೆ ಕೊಟ್ಟಳು.

"ಹ್ಯಾಂಗದಿಬೇ?"

"ಆರಾಮದೀನಿ. ಈ ಫಿನೈಲ್ ನಾತಕ್ಕ ತಲಿ ಒಡದು ಹೊಂಟೈತಿ. ಅನ್ನಾನೂ ಫಿನೈಲ್ ನಾರತೈತಿ."

"ಅಂದ್ರ ನಿನಗ ವಾಸನಿ ಬರ್ತೈತಿ," ಅಂದೆ.

"ಬರಂಗಿಲ್ಲ," ಅಂದಳು ತಟ್ಟನೆ.

"ಈಗ ಅಂದ್ಯಲ್ಲ."

"ಮಂದಿ ಅಂತಾರ. ಅದನ್ನ ನಾನೂ ಅಂದ್ನಿ."

"ಬೇ, ನಿನಗ ರೋಗಿಲ್ಲ. ರೋಗಿದ್ದವರ ನಡಕ ಕುಂತಿದಿ. ಅಲ್ಲಿ ಹಚಗೊಂಡಿ ಅಂದ್ರ? ನಾ ಎಲ್ಲಾ ಬಿಡಿಸಿ ಹೇಳ್ತೀನಿ ಅವರಿಗೆ."

"ಹೇಳಿ ಯಾರಿನ್ನ ಕಳಸ್ತಿ ಇಲ್ಲಿಗೆ?"

ಅಷ್ಟು ಕೇಳಿ ಅವಳೇ ಮಾತು ತಿರುಗಿಸಿದಳು.

"ಇಲ್ಲಿ ಮುಂಜಾನೆದ್ದ ಕೂಡ್ಲೆ ನರ್ಸಬಾಯಿ ನನ್ನ ಹೆಸರ ಹಿಡದ ಕರೀತಾಳ, ಗೊತ್ತೇನು? ಲಗ್ನ ಆದ ಮ್ಯಾಲ ಯಾರರ ಕರದಾರೇನು? ಮೊದಲನೇ ದಿನ ನಾ ಓ ಅನ್ನಲೇ ಇಲ್ಲ. ಅವ್ವಿನ್ನ ಯಾಕ ಕರ್ಯಾಕತ್ತಾಳಪ ಅಂತ ಅಂಜಿ ಕುಂತಿದ್ನಿ."

ಪಕ್ಕದ ಹೆಣ್ಣುಮಗಳು ನಕ್ಕಿದ್ದು ಕೇಳಿಸಿತು. ಅವ್ವನೂ ನಕ್ಕಳು. ಫೋನು ಇಟ್ಟ ಮೇಲೆ ನಾನು ಆಶಾ ಕಾರ್ಯಕರ್ತೆಯನ್ನು ಕರೆದು, ಕಟ್ಟೆಯ ಕೆಳಗೆ ದೂರ ನಿಲ್ಲಿಸಿ, ಎಲ್ಲ ಹೇಳಿದೆ. ಅವಳು ಕಣ್ಣು ಅಗಲ ಮಾಡಿ ಕೇಳಿದಳು. ಮೇಲಿನವರಿಗೆ ತಿಳಿಸಿದಳು. ಕಿಟ್ ಬಂದ ಕೂಡಲೇ ಮೊದಲು ಮುದುಕಿಗೆ ಟೆಸ್ಟ್ ಮಾಡುತ್ತೇವೆ ಎಂದರಂತೆ.

ಕಾದೆ. ಆ ನಡುವೆ ಒಂದು ಮುಂಜಾನೆ ಹಂಚಿನ ಮೇಲೆ ರೊಟ್ಟಿ ಬಿಟ್ಟು, ಒಲೆಯ ಮುಂದೆ ಕುಳಿತು ಏನೋ ಯೋಚಿಸುತ್ತಿದ್ದೆ. ಕೋಣೆಯಿಂದ ಅವ್ವಿ ಕೂಗಿದಳು.

"ಅಪ್ಪಾ, ರೊಟ್ಟಿ ಹೊತ್ತಾಕತ್ತೈತಿ."

ಬಾಗಿಲು ಮುಚ್ಚಿತ್ತು, ಕಿಟಕಿಗೆ ಪರದೆ ಇತ್ತು. ನಾನು ರೊಟ್ಟಿ ತಿರುವಿ ಹಾಕಲಿಲ್ಲ. ಅವಳು ಮತ್ತೊಮ್ಮೆ ಹೇಳಲಿ ಎಂದು ಕಾದೆ. "ಅಪ್ಪಾ, ವಾಸನಿ ಬಂದೈತಿ ಅಂದ್ನಿ," ಅಂದಳು. ಹೋದ ವಾಸನೆ ತಿರುಗಿ ಬಂದಿತ್ತು. ಒಳಗೆ ಹೆಂಡತಿ ಅತ್ತಂತೆ ಕೇಳಿಸಿತು. ಕೂಸು ಗುಣವಾಯಿತು ಎಂದು ನನಗೂ ಹಿಗ್ಗಾಯಿತು. ಆದರೆ ಅವ್ವ ಅಲ್ಲಿ ಯಾರ ಕಾಟಿನ ಮೇಲೆ ಮಲಗಿದ್ದಾಳೆ ಎಂಬುದೂ ಆಗಲೇ ಗಟ್ಟಿಯಾಯಿತು.

ಆ ವಾರ ಅವ್ವನ ಎರಡನೆಯ ಟೆಸ್ಟಿನ ರಿಸಲ್ಟು ಬಂತು. ಪಾಸಿಟಿವ್. ಜ್ವರವೂ ಹತ್ತಿತ್ತು.

"ಈಗರ ನಿಮ್ಮ ಅನುಮಾನ ಹೋತೇನ್ರಿ?" ಎಂದು ಫೋನಿನ ಹುಡುಗಿ ಕೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನಾನು ಹೌದ್ರಿ ಅಂದೆ.

ಅವ್ವ ಬದುಕಿ ಬಂದಳು. ಗಾಡಿಯಿಂದ ಇಳಿದಾಗ ರವಿಕೆಯ ತೋಳು ಸಡಿಲಾಗಿ ಜೋತಿತ್ತು. ಮೆಟ್ಟಿಲು ಹತ್ತಿ ನೇರ ಹಿತ್ತಲಿಗೆ ಹೋಗಿ, ಮರುಗದ ಎಲೆ ಚಿವುಟಿ ಮೂಗಿಗೆ ಹಿಡಿದಳು. ಮತ್ತೊಂದು ಚಿವುಟಿದಳು. ನಾನು ಹಿಂದೆ ನಿಂತಿದ್ದೆ. "ನೀರ ಭಾಳ ಹಾಕೀರಿ," ಅಂದಳು ಅಷ್ಟೆ. ಅವ್ವನಿಗೆ ಹೋದ ವಾಸನೆ ಇವತ್ತಿನವರೆಗೂ ತಿರುಗಿ ಬಂದಿಲ್ಲ. ಈಗ ಗಂಜಿ ಹುಳಿಯಾಗಿದೆಯೋ ಇಲ್ಲವೋ ಎಂದು ಹೇಳುವವಳು ಅವ್ವಿ. ಅಕ್ಕಪಕ್ಕದವರೂ ಈಗ ಅವಳನ್ನೇ ಕರೆಯುತ್ತಾರೆ.

ಮೊದಲಿನ ಪಾಸಿಟಿವ್ ಯಾರದು ಎಂದು ನಮ್ಮ ಮನೆಯಲ್ಲಿ ಮಾತು ಬರುವುದಿಲ್ಲ. ಹೆಂಡತಿಗೆ ಕೇಳಿದರೆ, "ಎರಡ ಸಲ ಬಂದೈತಲ್ರಿ, ಅತ್ತೀದ," ಎಂದು ಎದ್ದು ಹೋಗುತ್ತಾಳೆ. ಅವ್ವಿಗೆ ಕೇಳುವ ಹಾಗಿಲ್ಲ, ಬೆಳೆಯುವ ಹುಡುಗಿಯ ತಲೆಯ ಮೇಲೆ ಅದನ್ನು ಹೊರಿಸಲಾರೆ. ಅವ್ವನನ್ನು ಒಂದೇ ಸಲ ಕೇಳಿದ್ದೇನೆ.

"ಅದರಾಗ ಮುದುಕಿ ಅಂತ ಬರದಿದ್ರಲ್ಲೋ? ಅವ್ವಿ ಮುದುಕಿಯೇನು?" ಅಂದಳು.

ಹೀಗಾಗಿ ಇದು ನನ್ನೊಬ್ಬನ ಹತ್ತಿರವೇ ಉಳಿದಿದೆ. ಮಗ್ಗ ಹೊಡೆಯುವಾಗ ಲಾಳಿ ಆ ಕಡೆ ಹೋದರೆ ಅವ್ವನದು, ಈ ಕಡೆ ಬಂದರೆ ಅವ್ವಿಯದು ಎಂದು ತಲೆಯಲ್ಲಿ ಓಡುತ್ತದೆ. ಮನೆ ತುಂಬ ಜನ ಇದ್ದಾರೆ, ಮಾತಿದೆ, ನಗು ಇದೆ. ಇದನ್ನು ಮಾತ್ರ ಯಾರ ಮುಂದೆಯೂ ಇಡಲಾಗುವುದಿಲ್ಲ.

ಕಳೆದ ಚಳಿಗಾಲದ ಒಂದು ಸಂಜೆ ಅವ್ವ ಹಿತ್ತಲಲ್ಲಿ ಮರುಗಕ್ಕೆ ನೀರು ಹಾಕುತ್ತಿದ್ದಳು. ಅವ್ವಿ ಪಡಸಾಲೆಯ ಕಟ್ಟೆಯಲ್ಲಿ ಓದಿಕೊಳ್ಳುತ್ತಿದ್ದಳು. ಒಳಗೆ ಗಂಜಿ ಕಾಯಿಸಿಟ್ಟಿತ್ತು, ಮೂಸಿ ನೋಡು ಎಂದು ಅವಳನ್ನು ಕರೆಯಬೇಕಾಗಿತ್ತು. ಯಾಕೋ ಅವತ್ತು ನಾನು ಅವ್ವಿ ಅನ್ನಲಿಲ್ಲ. ಮಗ್ಗದ ಕುಣಿಯಲ್ಲಿ ಕುಳಿತು, ಹಿತ್ತಲಿಗೂ ಕೇಳಲಿ ಎಂದು, ಅವಳ ಖರೇ ಹೆಸರು ಹಿಡಿದು ಗಟ್ಟಿಯಾಗಿ ಕರೆದೆ.

ಅವ್ವಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಮನೆಯಲ್ಲಿ ಆ ಹೆಸರು ತನ್ನದೆಂದು ಅವಳಿಗೆ ರೂಢಿಯೇ ಇಲ್ಲ.

"ಓ," ಅಂದಳು ಅವ್ವ ಹಿತ್ತಲಿನಿಂದ, ಹಾಸ್ಟೆಲಿನ ನರ್ಸಬಾಯಿಗೆ ಓಗೊಡುವ ಹಾಗೆ. "ಬಂದ್ನಿ ತಡ್ರಿ."